ಪೋರ್ಟ್‌ಲ್ಯಾಂಡ್ ಹೂದಾನಿ: ಕೈತಪ್ಪಿಹೋದ ಒಂದು ಗಾಜಿನ ವಿದ್ಯೆಯ ಪ್ರಕರಣ ಅಧ್ಯಯನ

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಸುಮಾರು 24 ಸೆಂ.ಮೀ. ಎತ್ತರದ, ಎರಡು ಹಿಡಿಗಳುಳ್ಳ ಒಂದು ಗಾಜಿನ ಪಾತ್ರೆಯಿದೆ. ಕಪ್ಪೆಂದೇ ತೋರುವಷ್ಟು ಗಾಢವಾದ ನೀಲಿ ಗಾಜಿನ ಮೈಮೇಲೆ ಹಾಲುಬಿಳಿ ಗಾಜಿನಲ್ಲಿ ಗಂಡುಹೆಣ್ಣುಗಳ, ಮರಗಳ, ಕಂಬಗಳ ಉಬ್ಬುಚಿತ್ರಗಳಿವೆ. ಕ್ರಿಸ್ತಶಕದ ಆರಂಭದ ಆಸುಪಾಸಿನಲ್ಲಿ ರೋಮನ್ ಕುಶಲಕರ್ಮಿಗಳು ಮಾಡಿದ ಈ ಪಾತ್ರೆಗೆ, 18ನೆಯ ಶತಮಾನದಲ್ಲಿ ಅದರ ಒಡೆತನ ಪಡೆದ ಕುಟುಂಬದಿಂದಾಗಿ ಪೋರ್ಟ್‌ಲ್ಯಾಂಡ್ ಹೂದಾನಿ ಎಂಬ ಹೆಸರು ನಿಂತಿದೆ. ಚಿತ್ರಗಳಲ್ಲಿರುವವರು ಯಾರೆಂಬ ಬಗ್ಗೆ ವಿದ್ವಾಂಸರು ಬರೆದಿರುವುದು ಬೇಕಾದಷ್ಟಿದೆ. ಗ್ರೀಕ್ ಪುರಾಣದ ಪೀಲಿಯಸ್ ಮತ್ತು ಥೆಟಿಸ್‌ರ ವಿವಾಹದ ಕಥೆ ಎನ್ನುವವರಿಂದ ಹಿಡಿದು ಅಗಸ್ಟಸ್ ಚಕ್ರವರ್ತಿಯ ಮನೆತನದ ಸ್ತುತಿ ಎನ್ನುವವರವರೆಗೆ ಹಲವು ಪಕ್ಷಗಳಿವೆ. ಆ ಚರ್ಚೆ ಇಲ್ಲಿ ಬೇಕಿಲ್ಲ. ಈ ಪಾತ್ರೆಯನ್ನು ಹೇಗೆ ಮಾಡಿದರು, ಮತ್ತು ಆ ಬಗೆಯನ್ನು ತಿಳಿಯಲು ಕಳೆದ ಇನ್ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಬೇರೆಬೇರೆ ಕಾಲದ ಕೆಲಸಗಾರರು ತಮ್ಮ ತಮ್ಮ ಕಾಲದ ತಂತ್ರಗಳಿಂದ ಹೇಗೆ ಪ್ರಯತ್ನಿಸಿದರು ಎಂಬುದಷ್ಟೇ ಈ ಅಧ್ಯಯನದ ವಿಷಯ.

ಕರಕುಶಲ ವಿದ್ಯೆಗಳ ಬಗ್ಗೆ ಮಾತನಾಡುವಾಗ ಸಾಂಪ್ರದಾಯಿಕವೆಂದರೆ ಗುರುವಿನಿಂದ ಶಿಷ್ಯನಿಗೆ ಎಡೆಬಿಡದೆ ಇಳಿದುಬಂದದ್ದು, ಆಧುನಿಕವೆಂದರೆ ಅದನ್ನು ಪಕ್ಕಕ್ಕೆ ಸರಿಸಿ ಬಂದದ್ದು ಎಂದು ಭಾವಿಸುವುದು ವಾಡಿಕೆ. ಈ ಪಾತ್ರೆಯ ವಿಷಯದಲ್ಲಿ ಆ ವಿಂಗಡಣೆ ನಿಲ್ಲುವುದಿಲ್ಲ. ಕ್ಯಾಮಿಯೊ ಗಾಜು ಎಂದು ಕರೆಯುವ ಈ ಬಗೆಯ ಕೆಲಸ ರೋಮನ್ನರಲ್ಲಿ ಎರಡು ಮೂರು ತಲೆಮಾರುಗಳ ಕಾಲ ನಡೆದು, ಬಹುಮಟ್ಟಿಗೆ ನಿಂತುಹೋಯಿತು. ಬಣ್ಣದ ಪದರಗಳನ್ನು ಕೊರೆಯುವ ಕೆಲಸವನ್ನು ಮುಂದೆ ಇಸ್ಲಾಮೀ ಜಗತ್ತಿನವರೂ 18ನೆಯ ಶತಮಾನದ ಚೀನಾದವರೂ ತಮ್ಮದೇ ದಾರಿಯಲ್ಲಿ ಮಾಡಿದರಾದರೂ ರೋಮನ್ ಕಾರ್ಖಾನೆಯಿಂದ ಯುರೋಪಿನ ಕಾರ್ಖಾನೆಗೆ ನೇರವಾಗಿ ಬಂದ ಪಾಠ ಯಾವುದೂ ಇರಲಿಲ್ಲ. ಇಂದು ಸಾಂಪ್ರದಾಯಿಕ ಕ್ಯಾಮಿಯೊ ತಂತ್ರವೆಂದು ಕಲಿಸುವುದರ ಬಹುಭಾಗ 19 ಮತ್ತು 20ನೆಯ ಶತಮಾನಗಳಲ್ಲಿ ಹೊಸದಾಗಿ ಕಟ್ಟಿಕೊಂಡದ್ದು.

ಸಮಸ್ಯೆ ಎಲ್ಲಿದೆ

ಕೆಲಸದ ಕ್ರಮವನ್ನು ಹೇಳುವುದು ಸುಲಭ. ಊದುಕೊಳವೆಯ ತುದಿಯಲ್ಲಿ ನೀಲಿ ಗಾಜಿನ ಬುಗ್ಗೆಯನ್ನು ಊದಿ, ಅದರ ಮೇಲೆ ಬಿಳಿ ಗಾಜಿನ ಪದರವನ್ನು ಕೂರಿಸಿ, ಎರಡನ್ನೂ ಒಟ್ಟಿಗೆ ಬೇಕಾದ ಆಕಾರಕ್ಕೆ ಊದಬೇಕು, ಹಿಡಿಗಳನ್ನು ಬಿಸಿಯಿರುವಾಗಲೇ ಅಂಟಿಸಬೇಕು, ನಿಧಾನವಾಗಿ ಆರಿಸಬೇಕು, ತಣ್ಣಗಾದ ಮೇಲೆ ಚಿತ್ರಕ್ಕೆ ಬೇಕಾದಷ್ಟು ಬಿಳಿಯನ್ನು ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ನೀಲಿ ಕಾಣುವವರೆಗೆ ಕೊರೆದು ತೆಗೆಯಬೇಕು. ಕೊರೆಯುವುದಕ್ಕೆ ರೋಮನ್ನರ ಬಳಿ ರತ್ನ ಕೆತ್ತುವವರ ಸಣ್ಣ ಸಾಣೆಚಕ್ರಗಳೂ ಮೊನೆಯುಳ್ಳ ಉಪಕರಣಗಳೂ ಎಮೆರಿಯ ಪುಡಿಯೂ ಇದ್ದವು. ಎಮೆರಿಯೆಂದರೆ ಕುರುಂದದ ಕಲ್ಲಿನ ಜಾತಿಯದೇ. ಕತ್ತಿ ಸಾಣೆ ಹಿಡಿಯುವವರಿಗೆ ಪರಿಚಿತವಾದ ವಸ್ತು. ಕೊರೆಯುವ ಕೆಲಸಕ್ಕೆ ಅಪಾರ ತಾಳ್ಮೆ ಬೇಕು ನಿಜ, ಆದರೆ ಈ ವಿದ್ಯೆಯ ನಿಜವಾದ ಕುತ್ತು ಅದಕ್ಕಿಂತ ಮೊದಲೇ, ಆರಿಸುವ ಹಂತದಲ್ಲಿದೆ.

ಗಾಜು ತಣಿಯುವಾಗ ಕುಗ್ಗುತ್ತದೆ. ಸಾಮಾನ್ಯವಾದ ಸೋಡಾ ಸುಣ್ಣದ ಗಾಜು ಸುಮಾರು 500 ಡಿಗ್ರಿ ಸೆಲ್ಸಿಯಸ್‌ನ ಹತ್ತಿರ ತನ್ನ ಮೆತುತನವನ್ನೆಲ್ಲ ಕಳೆದುಕೊಂಡು ಗಟ್ಟಿಯಾಗುತ್ತದೆ. ಅಲ್ಲಿಂದ ಕೋಣೆಯ ಉಷ್ಣತೆಗೆ ಇಳಿಯುವಷ್ಟರಲ್ಲಿ 10 ಸೆಂ.ಮೀ. ಉದ್ದದ ಗಾಜು ಅರ್ಧ ಮಿಲಿಮೀಟರಿಗಿಂತ ತುಸು ಕಡಿಮೆ ಗಿಡ್ಡವಾಗುತ್ತದೆ. ನೀಲಿಯೂ ಬಿಳಿಯೂ ಒಂದೇ ಪ್ರಮಾಣದಲ್ಲಿ ಕುಗ್ಗಿದರೆ ತೊಂದರೆಯಿಲ್ಲ. ನೀಲಿಗೆ ಕೋಬಾಲ್ಟ್ ಅತ್ಯಲ್ಪ ಪ್ರಮಾಣದಲ್ಲಿ ಸಾಕಾಗುವುದರಿಂದ ಗಾಜಿನ ಗುಣ ಅಷ್ಟಾಗಿ ಬದಲಾಗುವುದಿಲ್ಲ. ಬಿಳಿಯದು ಬೇರೆ ಕಥೆ. ಗಾಜು ಹಾಲಿನಂತೆ ಕಾಣಬೇಕಾದರೆ ಅದರೊಳಗೆ ಬೆಳಕನ್ನು ಚದುರಿಸುವ ಸೂಕ್ಷ್ಮ ಹರಳುಗಳಿರಬೇಕು. ರೋಮನ್ನರು ಅದಕ್ಕೆ ಕ್ಯಾಲ್ಸಿಯಂ ಆಂಟಿಮೊನೇಟನ್ನು ಬಳಸುತ್ತಿದ್ದರು. ಇಂತಹ ಬಿಳಿ ಗಾಜು ಪಕ್ಕದ ನೀಲಿಗಿಂತ ಶೇಕಡ ಐದರಷ್ಟು ಹೆಚ್ಚು ಕುಗ್ಗಿತೆಂದರೂ ವ್ಯತ್ಯಾಸ ಕೂದಲೆಳೆಯ ದಪ್ಪಕ್ಕೂ ಕಡಿಮೆ, ಆದರೆ ಎರಡು ಪದರಗಳೂ ಬೆಸೆದುಕೊಂಡಿರುವುದರಿಂದ ಆ ಎಳೆತವು ಗಾಜಿನೊಳಗೇ ಸೇರಿಕೊಂಡು ಉಳಿಯುತ್ತದೆ. ಅದು ಆ ದಿನವೇ ಒಡೆಯಬಹುದು; ಕೊರೆಯುವಾಗ ಒಂದು ಕಡೆ ಪದರ ತೆಳುವಾಗಿ ಸಮತೋಲ ತಪ್ಪಿದಾಗ ಒಡೆಯಬಹುದು; ವರ್ಷಗಟ್ಟಲೆ ಕೆಲಸ ಮಾಡಿ ಮುಗಿಸುವ ಹೊತ್ತಿಗೂ ಒಡೆಯಬಹುದು.

ಮಣ್ಣಿನಲ್ಲಿ ಮೊದಲ ಉತ್ತರ

ಪಾತ್ರೆಯ ಲಿಖಿತ ಇತಿಹಾಸ 1600ರ ಆಸುಪಾಸಿನಲ್ಲಿ, ರೋಮಿನ ಕಾರ್ಡಿನಲ್ ಡೆಲ್ ಮೊಂಟೆಯವರ ಸಂಗ್ರಹದಲ್ಲಿ ಆರಂಭವಾಗುತ್ತದೆ. ಆಮೇಲೆ ಅದು ಬಾರ್ಬೆರಿನಿ ಮನೆತನದಲ್ಲಿ ಸುಮಾರು ನೂರೈವತ್ತು ವರ್ಷ ಇದ್ದು, ನೇಪಲ್ಸ್‌ನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ ಸರ್ ವಿಲಿಯಂ ಹ್ಯಾಮಿಲ್ಟನ್‌ರ ಕೈ ದಾಟಿ, 1784ರಲ್ಲಿ ಪೋರ್ಟ್‌ಲ್ಯಾಂಡಿನ ಡಚೆಸ್‌ಳಿಗೆ ಮಾರಾಟವಾಯಿತು. ಆಕೆಯ ಮರಣಾನಂತರ, 1786ರಲ್ಲಿ, ಮಗ ಅದನ್ನು ಕುಂಬಾರಿಕೆ ಉದ್ಯಮಿ ಜೊಸಾಯಾ ವೆಜ್‌ವುಡ್‌ಗೆ ಪ್ರತಿ ಮಾಡಿಕೊಳ್ಳಲು ಎರವಲು ಕೊಟ್ಟನು.

ವೆಜ್‌ವುಡ್ ಗಾಜಿನವನಲ್ಲ. ಅವನ ಬಳಿ ಇದ್ದದ್ದು ತಾನೇ ರೂಪಿಸಿದ್ದ ಜಾಸ್ಪರ್ ಎಂಬ ನಯವಾದ ಬಣ್ಣದ ಮಣ್ಣು; ಹೆನ್ರಿ ವೆಬರ್, ವಿಲಿಯಂ ಹ್ಯಾಕ್‌ವುಡ್ ಮೊದಲಾದ ನುರಿತ ಆಕೃತಿಕಾರರು ಅವನ ಕಾರ್ಖಾನೆಯಲ್ಲಿದ್ದರು. ಬಿಳಿ ಆಕೃತಿಗಳನ್ನು ಅಚ್ಚಿನಲ್ಲಿ ತೆಗೆದು ಕಪ್ಪು ಮೈಗೆ ಅಂಟಿಸಿ ಸುಡುವುದು ಅವನ ವಿಧಾನ, ಎಂದರೆ ರೋಮನ್ ಕೆಲಸದ ನೇರ ತಿರುವುಮುರುವು: ಅವರು ಕಳೆದು ತೆಗೆದದ್ದನ್ನು ಇವನು ಕೂಡಿಸಿದನು. ಪದರ ಗುಳ್ಳೆಯೇಳುವುದು, ಬಿರುಕು ಬಿಡುವುದು ಇವುಗಳೊಡನೆ ಸುಮಾರು ನಾಲ್ಕು ವರ್ಷ ಹೆಣಗಿ 1789-90ರಲ್ಲಿ ಅವನು ತೃಪ್ತಿಕರವಾದ ಪ್ರತಿಯನ್ನು ಹೊರತಂದನು. ಅವನಿಗೆ ಕಡೆಯವರೆಗೂ ಒಲಿಯದೆ ಉಳಿದದ್ದು ನೆರಳು. ಮೂಲ ಪಾತ್ರೆಯಲ್ಲಿ ಬಟ್ಟೆಯ ಮಡಿಕೆ, ಮರದ ಎಲೆ, ಹಿಂದೆ ನಿಂತವರ ಕೈಕಾಲುಗಳಲ್ಲಿ ಬಿಳಿಯನ್ನು ಎಷ್ಟು ತೆಳುವಾಗಿ ಕೊರೆದಿದ್ದಾರೆಂದರೆ ಕೆಳಗಿನ ನೀಲಿ ಹಾಯ್ದು ಬಂದು ಬಿಳಿಗೂ ನೀಲಿಗೂ ನಡುವಿನ ಹತ್ತಾರು ಛಾಯೆಗಳು ತಾವಾಗಿ ಹುಟ್ಟುತ್ತವೆ. ಮಣ್ಣಿನಲ್ಲಿ ಅದನ್ನು ಬಣ್ಣ ಹಚ್ಚಿ ತೋರಿಸಬೇಕಾಯಿತು. ಹಾಗಿದ್ದರೂ ಈ ಪ್ರತಿಯ ಬೆಲೆ ಮುಂದೆ ಅನಿರೀಕ್ಷಿತವಾಗಿ ಏರಿತು, ಏಕೆಂದರೆ ಮೂಲ ಪಾತ್ರೆ ಒಡೆಯುವ ಮುನ್ನ ಹೇಗಿತ್ತೆಂಬುದಕ್ಕೆ ಅದೇ ಅತ್ಯಂತ ಸೂಕ್ಷ್ಮವಾದ ಸಾಕ್ಷಿಯಾಯಿತು.

ಪಾತ್ರೆ 1810ರಿಂದ ಬ್ರಿಟಿಷ್ ಮ್ಯೂಸಿಯಂನಲ್ಲಿ ಎರವಲಾಗಿ ಇತ್ತು. 1845ರ ಫೆಬ್ರವರಿ 7ರಂದು, ವಿಲಿಯಂ ಲಾಯ್ಡ್ ಎಂದು ಹೇಳಿಕೊಂಡ ಕುಡುಕ ಯುವಕನೊಬ್ಬ ಅಲ್ಲೇ ಇದ್ದ ಪುರಾತನ ಕಲ್ಲಿನ ಶಿಲ್ಪವೊಂದನ್ನೆತ್ತಿ ಗಾಜಿನ ಪೆಟ್ಟಿಗೆಯ ಮೇಲೆ ಎಸೆದನು; ಪೆಟ್ಟಿಗೆಯೂ ಪಾತ್ರೆಯೂ ಚೂರುಚೂರಾದವು. ಬೇಕೆಂದೇ ಮಾಡಿದ ಹಾನಿಗೆ ದಂಡ ವಿಧಿಸುವ ಆಗಿನ ಕಾನೂನು ಐದು ಪೌಂಡಿಗಿಂತ ಹೆಚ್ಚು ಬೆಲೆಯ ವಸ್ತುವಿನ ನಾಶಕ್ಕೆ ಅನ್ವಯವಾಗುತ್ತಿರಲಿಲ್ಲವಾದ್ದರಿಂದ, ಅವನಿಗೆ ವಿಧಿಸಿದ್ದು ಹೊರಗಿನ ಪೆಟ್ಟಿಗೆಯನ್ನು ಒಡೆದದ್ದಕ್ಕಾಗಿ ಮೂರು ಪೌಂಡ್ ದಂಡ, ತಪ್ಪಿದರೆ ಎರಡು ತಿಂಗಳ ಸೆರೆ. ಆ ಹಣವನ್ನೂ ಹೆಸರು ಹೇಳದ ಯಾರೋ ಕಟ್ಟಿಬಿಟ್ಟರು. ಮ್ಯೂಸಿಯಂನ ದುರಸ್ತಿಗಾರ ಜಾನ್ ಡಬಲ್‌ಡೇ ಅದೇ ವರ್ಷದ ಸೆಪ್ಟೆಂಬರ್ ಹೊತ್ತಿಗೆ ಪಾತ್ರೆಯನ್ನು ಮತ್ತೆ ಜೋಡಿಸಿದನು. 37 ಸಣ್ಣ ಚೂರುಗಳಿಗೆ ಮಾತ್ರ ಜಾಗ ಸಿಗದೆ ಹೊರಗುಳಿದವು.

ಸ್ಟೌರ್‌ಬ್ರಿಜ್‌ನ ಮೂರು ವರ್ಷ

ಗಾಜಿನಲ್ಲಿಯೇ ಉತ್ತರ ಬಂದದ್ದು ಇಂಗ್ಲೆಂಡಿನ ಸ್ಟೌರ್‌ಬ್ರಿಜ್ ಸುತ್ತಲಿನ ಗಾಜು ಕುಲುಮೆಗಳ ಪ್ರದೇಶದಿಂದ. ಅಲ್ಲಿನ ಹಿರಿಯ ಗಾಜು ಉದ್ಯಮಿ ಬೆಂಜಮಿನ್ ರಿಚರ್ಡ್‌ಸನ್, ಪೋರ್ಟ್‌ಲ್ಯಾಂಡ್ ಹೂದಾನಿಯನ್ನು ಗಾಜಿನಲ್ಲಿ ಮರುಸೃಷ್ಟಿಸಿದವನಿಗೆ ಸಾವಿರ ಪೌಂಡ್ ಕೊಡುವುದಾಗಿ ಹೇಳಿದ್ದನೆಂಬ ಮಾತು ಆ ಸೀಮೆಯಲ್ಲಿ ಪ್ರಚಲಿತವಾಗಿತ್ತು. ಅವನ ಬಂಧು ಫಿಲಿಪ್ ಪಾರ್ಗಿಟರ್ ವರ್ಡ್ಸ್‌ಲೀಯ ರೆಡ್ ಹೌಸ್ ಗಾಜು ಕಾರ್ಖಾನೆಯ ಮಾಲೀಕ. ಊದುವ ಕೆಲಸವನ್ನು ಡೇನಿಯಲ್ ಹ್ಯಾಂಕಾಕ್ಸ್ ಮಾಡಿದನು. ಕೊರೆಯುವುದಕ್ಕೆ ಪಾರ್ಗಿಟರ್ ಕರೆದದ್ದು ಜಾನ್ ನಾರ್ತ್‌ವುಡ್‌ನನ್ನು.

ಈ ಆಯ್ಕೆಯನ್ನು ಸ್ವಲ್ಪ ಗಮನಿಸಬೇಕು. ನಾರ್ತ್‌ವುಡ್ ತನ್ನ ಕಾಲದ ಅತ್ಯಂತ ಹೊಸ ತಂತ್ರದ ಮನುಷ್ಯ. ಹೈಡ್ರೋಫ್ಲೋರಿಕ್ ಆಮ್ಲದಿಂದ ಗಾಜನ್ನು ಕೊರೆಯುವ ವಿಧಾನವನ್ನು ಕಾರ್ಖಾನೆಯ ಮಟ್ಟಕ್ಕೆ ತಂದವರಲ್ಲಿ ಅವನೊಬ್ಬ. ಆಮ್ಲಕ್ಕೆ ಒಡ್ಡಬೇಕಾದ ಗೆರೆಗಳನ್ನು ಮೇಣದ ಹೊದಿಕೆಯ ಮೇಲೆ ಎಳೆಯುವ ಯಂತ್ರಗಳನ್ನೂ ರೂಪಿಸಿದ್ದನು. ಅಂಥವನು 1873ರಿಂದ 1876ರವರೆಗೆ ಒಂದೇ ಪಾತ್ರೆಯ ಮುಂದೆ ಕುಳಿತು, ಗಟ್ಟಿ ಉಕ್ಕಿನ ಮೊನೆಕಡ್ಡಿಗಳನ್ನು ಕೈಯಲ್ಲಿ ಹಿಡಿದು, ಭೂತಗನ್ನಡಿಯಡಿ ಬಿಳಿಯನ್ನು ಕೆರೆಕೆರೆದು ತೆಗೆದನು. ಎದುರಿಗೆ ವೆಜ್‌ವುಡ್ ಪ್ರತಿಯೊಂದನ್ನು ಇಟ್ಟುಕೊಂಡಿದ್ದನು. ಮಧ್ಯೆ ಮಧ್ಯೆ ಲಂಡನ್ನಿಗೆ ಹೋಗಿ ಡಬಲ್‌ಡೇ ಜೋಡಿಸಿದ ಮೂಲವನ್ನು ನೋಡಿಬರುತ್ತಿದ್ದನು. ಹಳೆಯ ರೀತಿಯೇ ಶ್ರೇಷ್ಠವೆಂಬ ಭಾವುಕತೆಯನ್ನು ಇದರಲ್ಲಿ ಹುಡುಕಬೇಕಿಲ್ಲ. ಆಮ್ಲವು ತೆರೆದಿಟ್ಟ ಜಾಗವನ್ನೆಲ್ಲ ಸರಿಸುಮಾರು ಒಂದೇ ಆಳಕ್ಕೆ ತಿನ್ನುತ್ತದೆ. ಕೆನ್ನೆಯ ಉಬ್ಬಿನಿಂದ ಕತ್ತಿನ ನೆರಳಿಗೆ ಬಿಳಿ ಇಳಿಇಳಿಯುತ್ತಾ ತೆಳುವಾಗಬೇಕಾದ ಕಡೆ ಅದಕ್ಕೆ ವಿವೇಚನೆಯಿಲ್ಲ. ವೆಜ್‌ವುಡ್‌ನನ್ನು ಸೋಲಿಸಿದ ನೆರಳು ನಾರ್ತ್‌ವುಡ್‌ಗೆ ಸಿಕ್ಕಿದ್ದು ಈ ಕಾರಣದಿಂದಲೇ, ಗಾಜಿನಲ್ಲಿ ಬಿಳಿಯ ದಪ್ಪವೇ ಬಣ್ಣವನ್ನು ನಿರ್ಧರಿಸುತ್ತದೆ ಎಂಬ ಗುಣದಿಂದ.

ಕೆಲಸ ಮುಗಿಯುವ ಹಂತದಲ್ಲಿ ಪಾತ್ರೆ ಬಿರುಕು ಬಿಟ್ಟಿತು. ಯಾರೂ ಅದನ್ನು ಕೆಡವಿರಲಿಲ್ಲ, ಉಪಕರಣ ಜಾರಿರಲಿಲ್ಲ. ಎರಡು ಪದರಗಳ ಹೊಂದಿಕೆಯಾಗದ ಕುಗ್ಗುವಿಕೆ ಮೂರು ವರ್ಷ ಒಳಗೇ ಕಾದಿದ್ದು ತಣ್ಣನೆಯ ಹವೆಯಲ್ಲಿ ಬಿಟ್ಟುಕೊಂಡಿತು. ನಾರ್ತ್‌ವುಡ್ ಅದನ್ನು ಜೋಡಿಸಿ ಕೆಲಸವನ್ನು ಪೂರೈಸಿದನು. ಆ ಪಾತ್ರೆ ಈಗ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಗಾಜು ಮ್ಯೂಸಿಯಂನಲ್ಲಿದೆ. ಇದಾದ ಎರಡು ವರ್ಷಕ್ಕೆ ಜೋಸೆಫ್ ಲಾಕ್ ಎಂಬ ಇನ್ನೊಬ್ಬ ಸ್ಟೌರ್‌ಬ್ರಿಜ್ ಕುಶಲಕರ್ಮಿ ಮಾಡಿದ ಮತ್ತೊಂದು ಪ್ರತಿಯನ್ನು 1878ರ ಪ್ಯಾರಿಸ್ ಪ್ರದರ್ಶನದಲ್ಲಿ ಇಡಲಾಯಿತು. ಕೊರೆಯುವ ವಿದ್ಯೆ ಮರಳಿ ಬಂದಿತ್ತು. ಎರಡು ಗಾಜುಗಳನ್ನು ಒಂದಕ್ಕೊಂದು ಹೊಂದಿಸುವ ವಿದ್ಯೆಯಲ್ಲಿ ರೋಮನ್ ಕುಲುಮೆಯವನು ಇನ್ನೂ ಮುಂದಿದ್ದನು ಎಂದೇ ಹೇಳಬೇಕಾಗುತ್ತದೆ.

ಮುಂದಿನ ಕಾಲು ಶತಮಾನದಲ್ಲಿ ಕ್ಯಾಮಿಯೊ ಗಾಜು ಶ್ರೀಮಂತರ ಮನೆಯ ಅಲಂಕಾರವಾಯಿತು. ಥಾಮಸ್ ವೆಬ್ ಕಾರ್ಖಾನೆಯಲ್ಲಿ ಜಾರ್ಜ್ ಮತ್ತು ಥಾಮಸ್ ವುಡಾಲ್ ಸಹೋದರರು ಆಮ್ಲ, ಸಾಣೆಚಕ್ರ, ಕೈಕಡ್ಡಿ ಮೂರನ್ನೂ ಹಂಚಿಕೊಂಡ ತಂಡವನ್ನೇ ನಡೆಸಿದರು. ಫ್ರಾನ್ಸಿನ ನಾನ್ಸಿ ಪಟ್ಟಣದಲ್ಲಿ ಎಮಿಲ್ ಗಾಲೆ ಹಲವು ಬಣ್ಣದ ಪದರಗಳನ್ನು ಆಮ್ಲದಲ್ಲಿ ತಿನ್ನಿಸಿ ರೋಮನ್ನರಿಗೆ ಸಂಬಂಧವೇ ಇಲ್ಲದ ಸೊಗಸೊಂದನ್ನು ಸೃಷ್ಟಿಸಿದನು. ಅಗ್ಗದ ನಕಲುಗಳು ಬಂದವು, ಅಭಿರುಚಿ ಬದಲಾಯಿತು, ಕೈಕೊರೆತದ ಕೆಲಸಗಾರರು ಚದುರಿದರು.

1988: ಬಿಚ್ಚಿ ಜೋಡಿಸಿದ್ದು

ಮ್ಯೂಸಿಯಂ 1945ರಲ್ಲಿ ಪಾತ್ರೆಯನ್ನು ಕೊಂಡುಕೊಂಡಿತು. 1948ರಲ್ಲಿ, ಡಬಲ್‌ಡೇಯ ಕಾಲದ 37 ಚೂರುಗಳು ಒಂದು ಪೆಟ್ಟಿಗೆಯಲ್ಲಿ ಸಿಕ್ಕವು. ಪ್ರತಿ ಚೂರಿಗೂ ಒಂದೊಂದು ಖಾನೆಯಿರುವ ಪೆಟ್ಟಿಗೆ ಮಾಡಲು ಡಬಲ್‌ಡೇಯ ಸಹೋದ್ಯೋಗಿಯೊಬ್ಬ ಅವುಗಳನ್ನು ಕುಶಲಕರ್ಮಿಯೊಬ್ಬನಿಗೆ ಕೊಟ್ಟಿದ್ದು, ಆ ಸಹೋದ್ಯೋಗಿ ತೀರಿಕೊಂಡ ಮೇಲೆ ಕೇಳುವವರಿಲ್ಲದೆ ಉಳಿದು, ಏನೆಂದು ತಿಳಿಯದೆ ನೂರು ವರ್ಷಗಳ ನಂತರ ಗುರುತಿಸಲು ಮ್ಯೂಸಿಯಂಗೇ ಬಂದಿತ್ತು. ಜೇಮ್ಸ್ ಆಕ್ಸ್‌ಟೆಲ್ ಎಂಬ ದುರಸ್ತಿಗಾರ ಪಾತ್ರೆಯನ್ನು ಬಿಚ್ಚಿ ಮತ್ತೆ ಜೋಡಿಸಿದಾಗ ಅವುಗಳಲ್ಲಿ ಮೂರಕ್ಕಷ್ಟೇ ಸ್ಥಳ ಸಿಕ್ಕಿತು. 1980ರ ದಶಕದ ಮಧ್ಯಭಾಗಕ್ಕೆ ಆಕ್ಸ್‌ಟೆಲ್ ಬಳಸಿದ ಅಂಟು ಹಳದಿಗಟ್ಟಿ, ಕೀಲುಗಳು ದುರ್ಬಲವಾಗಿದ್ದವು.

ಮೂರನೆಯ ಜೋಡಣೆಯನ್ನು ನೈಜೆಲ್ ವಿಲಿಯಮ್ಸ್ ಮತ್ತು ಸಾಂಡ್ರಾ ಸ್ಮಿತ್ 1988-89ರಲ್ಲಿ ಕೈಗೊಂಡರು. ಒತ್ತುಕಾಗದದಿಂದ ಒಳಗೂ ಹೊರಗೂ ಸುತ್ತಿದ ಪಾತ್ರೆಯನ್ನು ಮುಚ್ಚಿದ ಗಾಜಿನ ಭಾಂಡದಲ್ಲಿಟ್ಟು, ದ್ರಾವಕ ಹಾಯಿಸಿ ಮೂರು ದಿನ ಬಿಟ್ಟರು. ಹಳೆಯ ಅಂಟು ಸಡಿಲವಾಗಿ ಪಾತ್ರೆ 200ಕ್ಕೆ ಹತ್ತಿರದಷ್ಟು ತುಣುಕುಗಳಾಗಿ ಕೈಗೆ ಬಂತು. ಹಿಂದಿನವರು ಬರೆದಿಟ್ಟ ಟಿಪ್ಪಣಿಗಳಿರಲಿಲ್ಲ. ಕೆಲವು ಕಡೆ ಚೂರುಗಳ ಅಂಚನ್ನು ಅರದಿಂದ ಉಜ್ಜಿ ಬಲವಂತವಾಗಿ ಕೂರಿಸಿದ್ದರೆಂಬುದೂ ಆಗ ಗೊತ್ತಾಯಿತು. ಇಂಥ ಕೆಲಸದಲ್ಲಿ ಅಂಟಿಗಿಂತ ಅನುಕ್ರಮವೇ ಹೆಚ್ಚು ಕಾಡುತ್ತದೆ. ಕೆಳಗಿನ ಸಾಲಿನಲ್ಲಿ ಒಂದು ಚೂರು ಕೂದಲಷ್ಟು ವಾರೆಯಾದರೆ ಆ ತಪ್ಪು ಮೇಲೆ ಹೋದಂತೆ ಬೆಳೆಯುತ್ತದೆ. ಒಂದನ್ನು ಮೊದಲೇ ಕೂರಿಸಿಬಿಟ್ಟರೆ ಪಕ್ಕದ್ದು ಒಳಗೆ ಇಳಿಯಲು ದಾರಿಯೇ ಇರುವುದಿಲ್ಲ. ಬೆಳಕಿಗೆ ಬೇಗ ಗಟ್ಟಿಯಾಗುವ ಅಕ್ರಿಲಿಕ್ ಮತ್ತು ಬಹುಕಾಲ ಬಣ್ಣಗೆಡದ ಎಪಾಕ್ಸಿ ಇವೆರಡನ್ನೂ ಜೊತೆಯಾಗಿ ಬಳಸಿದ್ದರಿಂದ ಚೂರನ್ನು ಸರಿಯಾದ ಸ್ಥಾನದಲ್ಲಿ ಹಿಡಿದು ನಿಲ್ಲಿಸುವುದೂ ಶಾಶ್ವತವಾಗಿ ಬೆಸೆಯುವುದೂ ಸಾಧ್ಯವಾಯಿತು. ಪೆಟ್ಟಿಗೆಯಲ್ಲಿದ್ದವುಗಳ ಪೈಕಿ ಅನೇಕ ಚೂರುಗಳು ಸ್ಥಳ ಸೇರಿದವು. ಉಳಿದ ಕಿಂಡಿಗಳನ್ನು ನೀಲಿ, ಬಿಳಿ ರಾಳದಿಂದ ತುಂಬಿದರು. ಇನ್ನು ನೂರು ವರ್ಷ ದೊಡ್ಡ ದುರಸ್ತಿ ಬೇಕಾಗದು ಎಂಬುದು ಮ್ಯೂಸಿಯಂನ ಅಂದಾಜು.

ಅದ್ದಿದ್ದೋ, ಅಚ್ಚೊತ್ತಿದ್ದೋ

ಪಾತ್ರೆ ಬಿಡಿಬಿಡಿಯಾಗಿದ್ದ ಆ ತಿಂಗಳುಗಳು ಅದನ್ನು ಮಾಡಿದ ರೀತಿಯ ಅಧ್ಯಯನಕ್ಕೂ ಒದಗಿಬಂದವು. ಒಡೆದ ಅಂಚಿನಲ್ಲಿ ನೀಲಿಯ ಮೇಲೆ ಬಿಳಿ ಹೇಗೆ ಕೂತಿದೆಯೆಂಬುದನ್ನು ಇಡೀ ಪಾತ್ರೆಯಲ್ಲಿ ಯಾರೂ ಕಾಣಲಾರರು. ಗಾಜು ಊದುವುದರಲ್ಲಿ ಸ್ವತಃ ಪಳಗಿದ ವಿಲಿಯಂ ಗುಡನ್‌ರಾತ್ ಮತ್ತು ಇತಿಹಾಸಕಾರ ಡೇವಿಡ್ ವೈಟ್‌ಹೌಸ್ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೀಲಿ ಬುಗ್ಗೆಯನ್ನು ಕರಗಿದ ಬಿಳಿ ಗಾಜಿನ ಮೂಸೆಯಲ್ಲಿ ಭುಜದವರೆಗೆ ಅದ್ದಿ ತೆಗೆದು, ಅನಂತರ ಊದಿ ಹಿಗ್ಗಿಸಿದ್ದೆಂದು ವಾದಿಸಿದರು. ಬಿಳಿ ಪದರ ಪಾತ್ರೆಯ ಕತ್ತಿನವರೆಗೆ ಹೋಗದೆ ಭುಜದ ಬಳಿಯೇ ನಿಲ್ಲುವುದು ಇದಕ್ಕೆ ಹೊಂದುತ್ತದೆ. ಸ್ಟೌರ್‌ಬ್ರಿಜ್‌ನವರ ಕ್ರಮ ಬೇರೆಯಾಗಿತ್ತು: ಬಿಳಿ ಗಾಜಿನ ಬಟ್ಟಲೊಂದನ್ನು ಮೊದಲು ಮಾಡಿಕೊಂಡು, ನೀಲಿ ಬುಗ್ಗೆಯನ್ನು ಅದರೊಳಗೆ ಊದಿ ಬೆಸೆಯುತ್ತಿದ್ದರು. ಜರ್ಮನಿಯ ಹಡಾಮಾರ್ ಗಾಜು ಶಾಲೆಯ ಯೋಸೆಫ್ ವೆಲ್ತ್ಸೆಲ್ ರೋಮನ್ ಕ್ಯಾಮಿಯೊ ಪಾತ್ರೆಗಳ ಪ್ರತಿಗಳನ್ನು ಮಾಡಿ ತೋರಿಸಿದ್ದೂ ಅದ್ದುವ ವಾದಕ್ಕೆ ಬಲ ಕೊಟ್ಟಿತು.

ಈ ನಿರ್ಣಯವನ್ನು ಜರ್ಮನ್ ಸಂಶೋಧಕಿ ರೋಸ್‌ಮರಿ ಲಿಯರ್ಕೆ ಒಪ್ಪಲಿಲ್ಲ. ಚಿತ್ರಗಳನ್ನು ಮೊದಲೇ ತೋಡಿದ ಅಚ್ಚಿನ ತಗ್ಗುಗಳಲ್ಲಿ ಬಿಳಿ ಗಾಜಿನ ಪುಡಿಯನ್ನು ತುಂಬಿ, ಅದರ ಮೇಲೆ ಬಿಸಿ ನೀಲಿ ಗಾಜನ್ನು ಒತ್ತಿದ್ದೆಂದೂ ಕೊರೆತವೇನಿದ್ದರೂ ಕೊನೆಯ ಒಪ್ಪವಷ್ಟೇ ಎಂದೂ ಆಕೆ ಪ್ರತಿಪಾದಿಸಿದರು. ಬಹುಪಾಲು ತಜ್ಞರು ಇದನ್ನು ಒಪ್ಪದಿದ್ದರೂ ಅದನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ. ಪದರ ಹೊದಿಸಿ ಮುಕ್ಕಾಲು ಭಾಗವನ್ನು ಕೊರೆದು ಬಿಸಾಡುವುದಕ್ಕಿಂತ ಬೇಕಾದಲ್ಲಿ ಮಾತ್ರ ಬಿಳಿಯನ್ನಿಡುವುದು ಕಾರ್ಖಾನೆಯ ಲೆಕ್ಕದಲ್ಲಿ ಜಾಣತನವೇ. ಆದರೆ ಆಕೃತಿಗಳ ಅಂಚಿನಲ್ಲಿ ಬಿಳಿಯನ್ನು ಒಳಮುಖವಾಗಿ ಕಡಿದಿರುವ ಜಾಗಗಳು, ನೀಲಿ ಹಿನ್ನೆಲೆಯ ಮೇಲಿನ ಉಪಕರಣದ ಗುರುತುಗಳು, ಬಿಳಿ ಪದರ ಒಂದೇ ಹಾಸಾಗಿ ಹಬ್ಬಿರುವ ರೀತಿ, ಇವು ಕೊರೆತದ ಕಡೆಗೇ ವಾಲುತ್ತವೆ ಎಂಬುದು ನನ್ನ ತೀರ್ಮಾನ. ಒಳಮುಖ ಕಡಿತವಿರುವ ಉಬ್ಬನ್ನು ಗಟ್ಟಿ ಅಚ್ಚಿನಿಂದ ಮುರಿಯದೆ ಹೊರತೆಗೆಯುವುದು ಕಷ್ಟ. ಅಚ್ಚನ್ನು ಪ್ರತಿ ಸಲವೂ ಒಡೆದರೆ ಉಳಿತಾಯದ ವಾದವೂ ದುರ್ಬಲವಾಗುತ್ತದೆ.

ತಳದ ಪ್ರಶ್ನೆ ಇನ್ನೂ ಒಂದಿದೆ. ಪಾತ್ರೆಯ ಬುಡಕ್ಕೆ ಅಂಟಿಕೊಂಡಿದ್ದ, ತಲೆಗೆ ಟೋಪಿ ಧರಿಸಿದ ಯುವಕನ ಚಿತ್ರವಿರುವ ದುಂಡು ಬಿಲ್ಲೆಯೂ ಕ್ಯಾಮಿಯೊ ಗಾಜೇ. ಆದರೆ ಅದರ ನೀಲಿಯೂ ಕೊರೆತದ ಶೈಲಿಯೂ ಬೇರೆ. ಯಾವುದೋ ದೊಡ್ಡ ಫಲಕದಿಂದ ಕತ್ತರಿಸಿ ತಂದು ಒಡೆದ ಬುಡವನ್ನು ಮುಚ್ಚಿದ್ದಾರೆ. 1845ರಿಂದ ಅದನ್ನು ಬೇರೆಯಾಗಿಯೇ ಇಡಲಾಗಿದೆ. ಪಾಂಪೆಯಲ್ಲಿ ಸಿಕ್ಕು ಈಗ ನೇಪಲ್ಸ್ ಮ್ಯೂಸಿಯಂನಲ್ಲಿರುವ ನೀಲಿ ಕ್ಯಾಮಿಯೊ ಪಾತ್ರೆಯ ತಳ ಮೊನೆಯಾಗಿರುವುದರಿಂದ ಇದೂ ಮೊದಲಿಗೆ ಹಾಗೆಯೇ ಇಳಿದಿದ್ದಿರಬೇಕೆಂದು ಹಲವರು ಊಹಿಸುತ್ತಾರೆ. ವೆಜ್‌ವುಡ್‌ನ ಪ್ರತಿಯಂತೆಯೇ ನಾರ್ತ್‌ವುಡ್‌ನದೂ ಚಪ್ಪಟೆ ತಳದ ಪಾತ್ರೆ, ಏಕೆಂದರೆ ಅವರು ಕಂಡ ಮೂಲ ಹಾಗಿತ್ತು. ಮೊನೆತಳದ ಊಹೆ ನಿಜವಾದರೆ ಇವೆರಡೂ ರೋಮನ್ ಪಾತ್ರೆಯ ಪ್ರತಿಗಳಾಗಿರುವಷ್ಟೇ ಅದಕ್ಕೆ ಮುಂದೊಮ್ಮೆ ಆದ ದುರಸ್ತಿಯ ಪ್ರತಿಗಳೂ ಹೌದು. ಊದುವವನಿಗೆ ಇದು ಸಣ್ಣ ವ್ಯತ್ಯಾಸವಲ್ಲ: ಬುಡ ಮೊನೆಯಾದಾಗ ಅದ್ದಿದ ಬಿಳಿ ಗಾಜು ಕೆಳಗೆ ಇಳಿದು ಆ ತುದಿಯಲ್ಲಿ ದಪ್ಪನಾಗಿ ನಿಲ್ಲುತ್ತದೆ, ಎರಡು ಪದರಗಳ ನಡುವಿನ ಎಳೆತ ಅಲ್ಲಿಯೇ ಅತಿ ಹೆಚ್ಚಾಗಿರುತ್ತದೆ, ಮತ್ತು ಆ ಊಹೆಯಂತೆ ಪಾತ್ರೆಯಲ್ಲಿ ಮೊದಲು ಮುರಿದು ಹೋದದ್ದೂ ಅದೇ ಭಾಗವಿರಬೇಕು.